ಒಂದೇ ಮೆಷಿನ್ ಮುಂದೆ ಎಷ್ಟು ವರ್ಷ? ಕೆಲಸಗಾರರನ್ನು ಉಳಿಸಿಕೊಳ್ಳುವ ಬಗ್ಗೆ ಓದುಗರ ಪ್ರಶ್ನೆಗಳು

ಸಣ್ಣ ಕಾರ್ಖಾನೆಗಳಲ್ಲಿ ಕೈ ಪಳಗಿದವರನ್ನು ಉಳಿಸಿಕೊಳ್ಳುವುದು, ಅವರಿಗೆ ಬೇರೆ ಬೇರೆ ಕೆಲಸ ಕಲಿಸುವುದು, ಎರಡು ಮೂರು ಕಂಪನಿಗಳು ಸೇರಿ ಕೆಲಸಗಾರರನ್ನು ಎರವಲು ಕೊಟ್ಟು ತೆಗೆದುಕೊಳ್ಳುವುದು: ಈ ವಿಷಯವಾಗಿ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್) ಘಟಕ. 18 ಜನ ಇದ್ದೇವೆ. ಐಟಿಐ ಮುಗಿಸಿ ಬಂದ ಹುಡುಗರನ್ನು ತಯಾರು ಮಾಡುತ್ತೇವೆ. ವರ್ಷ ತುಂಬುವಷ್ಟರಲ್ಲಿ ಎರಡು ಸಾವಿರ ಹೆಚ್ಚಿಗೆ ಸಿಕ್ಕಿತೆಂದು ಪಕ್ಕದ ರಸ್ತೆಯ ಕಂಪನಿಗೆ ಹೋಗಿಬಿಡುತ್ತಾರೆ. ಪ್ರತಿ ಸಲ ಸಂಬಳ ಏರಿಸುತ್ತಾ ಹೋಗಲು ನಮ್ಮಿಂದ ಆಗದು. ಕೆಲಸ ಬದಲಿಸಿ ಕೊಟ್ಟರೆ ಉಳಿಯುತ್ತಾರೆ ಅನ್ನುತ್ತಾರಲ್ಲ, ನಿಜವೇ?

ಉತ್ತರ: ಅರ್ಧ ನಿಜ. ನಿಮ್ಮ ಸಂಬಳ ಆ ರಸ್ತೆಯ ಸಾಮಾನ್ಯ ದರಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿ ಮಾಡಿ. ಕೆಲಸ ಬದಲಿಸಿ ಕೊಡುವುದರಿಂದ ಆ ಕೊರತೆ ತುಂಬುವುದಿಲ್ಲ. ಸಂಬಳ ಸರಿಯಿದ್ದೂ ಬಿಡುತ್ತಿದ್ದರೆ ಹಾಜರಿ ಪುಸ್ತಕ ತೆಗೆದು, ಕಳೆದ ಮೂರು ವರ್ಷದಲ್ಲಿ ಬಿಟ್ಟವರು ಸೇರಿದ ಎಷ್ಟನೇ ತಿಂಗಳಲ್ಲಿ ಬಿಟ್ಟರೆಂದು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಎರಡು ತಿಂಗಳಲ್ಲೇ ಹೆಚ್ಚು ಜನ ಬಿಟ್ಟಿದ್ದರೆ ಕಾರಣ ರೂಮು, ಊಟ, ರಾತ್ರಿ ಪಾಳಿ ಅಥವಾ ಸೂಪರ್‌ವೈಸರ್‌ನ ಮಾತಿನ ಧಾಟಿಯಲ್ಲಿರುತ್ತದೆ. ಹತ್ತರಿಂದ ಹದಿನಾಲ್ಕನೇ ತಿಂಗಳ ನಡುವೆ ಬಿಟ್ಟಿದ್ದರೆ ಕಲಿಯುವುದು ಮುಗಿದಿದೆ ಎಂದರ್ಥ. ಬಾರ್ ಹಾಕು, ಬಾಗಿಲು ಮುಚ್ಚು, ಸೈಕಲ್ ಸ್ಟಾರ್ಟ್ ಒತ್ತು, ತೆಗೆ, ಅಳೆ. ಆರು ತಿಂಗಳಲ್ಲಿ ಕೈಗೆ ಬರುವ ಕೆಲಸವನ್ನು ಹನ್ನೆರಡು ತಿಂಗಳು ಮಾಡಿಸಿದರೆ ಚುರುಕಾದ ಹುಡುಗನೇ ಮೊದಲು ಹೋಗುತ್ತಾನೆ. ಎರಡು ಸಾವಿರ ಅವನ ಪಾಲಿಗೆ ಹೇಳಲು ಸುಲಭವಾದ ಕಾರಣ, ಅಷ್ಟೇ.

18 ಜನರ ಘಟಕದಲ್ಲೂ ನಾಲ್ಕು ಹಂತ ಮಾಡಬಹುದು. ಮೊದಲ ಎರಡು ತಿಂಗಳು ಡಿಬರಿಂಗ್ (ಪೀಸಿನ ಚೂಪು ಅಂಚು ತೆಗೆಯುವುದು) ಮತ್ತು ಇನ್‌ಸ್ಪೆಕ್ಷನ್: ಡ್ರಾಯಿಂಗ್ ಓದುವುದು, 0.02 ಮಿ.ಮೀ. ವರ್ನಿಯರ್, 0.01 ಮಿ.ಮೀ. ಮೈಕ್ರೋಮೀಟರ್, ಬೋರ್ ಗೇಜ್. ಅಳೆಯಲು ಬರದವನನ್ನು ಮೆಷಿನ್ ಮುಂದೆ ನಿಲ್ಲಿಸುವುದೇ ರಿಜೆಕ್ಷನ್‌ಗೆ ಬುನಾದಿ. ಮೂರರಿಂದ ಎಂಟನೇ ತಿಂಗಳವರೆಗೆ ಆಪರೇಟರ್: ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ತುಂಡು) ಬದಲಿಸುವುದು, ವೇರ್ ಆಫ್‌ಸೆಟ್ (ಟೂಲ್ ಸವೆದದ್ದಕ್ಕೆ ಮೆಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ತಿದ್ದುವುದು, ಕೂಲಂಟ್‌ನ ಹದ ನೋಡುವುದು. ಒಂಬತ್ತನೇ ತಿಂಗಳಿಂದ ಸೆಟ್ಟಿಂಗ್: ಸಾಫ್ಟ್ ಜಾ ಬೋರಿಂಗ್ (ಪೀಸ್ ಹಿಡಿಯುವ ಮೆದು ದವಡೆಯನ್ನು ಅಳತೆಗೆ ಕೊರೆಯುವುದು), ಟೂಲ್ ಸೆಟ್ಟಿಂಗ್, ಮೊದಲ ಪೀಸ್ ಪಾಸ್ ಮಾಡಿಸುವುದು. ಹದಿನೈದನೇ ತಿಂಗಳಿಂದ ಪ್ರೋಗ್ರಾಮಿಂಗ್, ವಿಎಂಸಿ (ವರ್ಟಿಕಲ್ ಮಿಲ್ಲಿಂಗ್ ಮೆಷಿನ್), ಕ್ವಾಲಿಟಿ ಇವುಗಳಲ್ಲಿ ಅವನಿಗೆ ಯಾವುದರ ಕಡೆ ಮನಸ್ಸಿದೆಯೋ ಅದು. ಯಾವ ಹಂತದಲ್ಲಿ ಯಾರಿದ್ದಾರೆಂದು ತೋರಿಸುವ ಪಟ್ಟಿ ಶಾಪ್ ಫ್ಲೋರ್ ಗೋಡೆಯ ಮೇಲಿರಲಿ. ಹಂತ ದಾಟಿದ ತಿಂಗಳಿಂದಲೇ ಅದಕ್ಕೆ ತಕ್ಕ ಮೊತ್ತ ಸಂಬಳಕ್ಕೆ ಸೇರಬೇಕು. 'ಏಪ್ರಿಲ್ ಬರಲಿ, ನೋಡೋಣ' ಅಂದರೆ ಪಟ್ಟಿಯ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು.

ಎರಡು ಕಡೆ ಇದು ಕೆಡುತ್ತದೆ. ಪೀಸ್ ಲೆಕ್ಕದ ಇನ್ಸೆಂಟಿವ್ ಇದ್ದರೆ ಹೊಸ ಮೆಷಿನ್‌ಗೆ ಹೋದವನ ಕೈಗೆ ಬರುವ ಹಣ ಮೊದಲ ತಿಂಗಳೇ ಇಳಿಯುತ್ತದೆ. ಕಲಿತದ್ದಕ್ಕೆ ದಂಡ ಕಟ್ಟಿದಂತಾಯಿತು. ಹಿಂದಿನ ಮೂರು ತಿಂಗಳ ಇನ್ಸೆಂಟಿವ್‌ನ ಸರಾಸರಿಯನ್ನು ಬದಲಾವಣೆಯ ಮೊದಲ ಆರು ವಾರ ಹಾಗೆಯೇ ಕೊಡಿ. ಇನ್ನೊಂದು, ಸೂಪರ್‌ವೈಸರ್ ತನ್ನ ಒಳ್ಳೆಯ ಆಪರೇಟರ್‌ನನ್ನು ಬಿಟ್ಟುಕೊಡುವುದಿಲ್ಲ. ಅವನ ಮೇಲಿರುವುದು ಇಂದಿನ ಪ್ರೊಡಕ್ಷನ್ ಒತ್ತಡ, ತಪ್ಪು ಅವನದಲ್ಲ. ಪ್ರತಿ ಮೆಷಿನ್ ನಡೆಸಬಲ್ಲವರು ಮೂವರು, ಪ್ರತಿಯೊಬ್ಬನಿಗೆ ಮೂರು ಮೆಷಿನ್ ಎಂಬ ಗುರಿಯನ್ನು ಸೂಪರ್‌ವೈಸರ್‌ನ ಹೆಸರಿಗೇ ಬರೆದು, ಅವನ ಇನ್‌ಕ್ರಿಮೆಂಟ್‌ಗೆ ಜೋಡಿಸಿ. ಆಗ ಕಲಿಸುವುದು ಅವನ ಕೆಲಸವೂ ಆಗುತ್ತದೆ.

ಪ್ರಶ್ನೆ: ಹುಬ್ಬಳ್ಳಿಯ ಮೆಷಿನ್ ಶಾಪ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಮಾಲೀಕರ ಮಾತಿನಂತೆ ಆಪರೇಟರ್‌ಗಳನ್ನು ಮೆಷಿನ್‌ನಿಂದ ಮೆಷಿನ್‌ಗೆ ಬದಲಿಸಿದೆವು. ಎರಡೇ ವಾರದಲ್ಲಿ ರಿಜೆಕ್ಷನ್ ಹೆಚ್ಚಾಯಿತು, ಒಂದು ಟೂಲ್ ಹೋಲ್ಡರ್ ಮುರಿಯಿತು. ನಿಲ್ಲಿಸಿಬಿಡೋಣವೇ?

ಉತ್ತರ: ಬೇಡ. ಬದಲಿಸಿದ್ದು ಸರಿ, ಬದಲಿಸಿದ ರೀತಿಯಲ್ಲಿ ಏನೋ ಬಿಟ್ಟುಹೋಗಿದೆ. ಒಂದು ಪಾಳಿಯಲ್ಲಿ ಒಬ್ಬನನ್ನು ಮಾತ್ರ ಬದಲಿಸಿ, ಅದೂ ಬೆಳಗಿನ ಪಾಳಿಯಲ್ಲಿ. ತಿಂಗಳ ಕೊನೆಯ ಡಿಸ್ಪ್ಯಾಚ್ ವಾರದಲ್ಲಿ ಯಾರನ್ನೂ ಅಲುಗಾಡಿಸಬೇಡಿ.

ಪಳಗಿದ ಆಪರೇಟರ್ ಹೊಸ ಮೆಷಿನ್‌ನಲ್ಲಿ ಎಡವುವುದು ಹೆಚ್ಚಾಗಿ ಆಫ್‌ಸೆಟ್ ಪುಟದಲ್ಲಿ. ಶಾಫ್ಟ್‌ನ ಹೊರವ್ಯಾಸ 0.05 ಮಿ.ಮೀ. ಹೆಚ್ಚು ಬರುತ್ತಿದೆ, ಆ ಟೂಲ್‌ನ ಎಕ್ಸ್ ವೇರ್‌ನಲ್ಲಿ (ವ್ಯಾಸದ ಆಫ್‌ಸೆಟ್) ಈಗಾಗಲೇ −0.120 ಇದೆ ಎಂದುಕೊಳ್ಳಿ. ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ −0.05 ಟೈಪ್ ಮಾಡಿ '+ಇನ್‌ಪುಟ್' ಒತ್ತಿದರೆ ಅದು −0.170 ಆಗುತ್ತದೆ, ಅಳತೆ ಸರಿ ಬರುತ್ತದೆ. ಬರೀ 'ಇನ್‌ಪುಟ್' ಒತ್ತಿದರೆ ಹಳೆಯ ಲೆಕ್ಕ ಅಳಿಸಿ −0.050 ಕೂರುತ್ತದೆ, 0.05 ಹೆಚ್ಚಿದ್ದ ವ್ಯಾಸ 0.12 ಹೆಚ್ಚಾಗುತ್ತದೆ. ಅವನು ಚಿಹ್ನೆ ತಪ್ಪಾಯಿತೆಂದು ತಿಳಿದು ಪ್ಲಸ್ ಹಾಕುತ್ತಾನೆ, ಅಲ್ಲಿಂದ ಒಂದರ ಹಿಂದೊಂದು ಪೀಸ್ ಹೋಗುತ್ತದೆ. ಇದಕ್ಕಿಂತ ಅಪಾಯ ದಶಾಂಶ ಬಿಂದುವಿನದು. ಬಿಂದುವಿಲ್ಲದೆ 5 ಒತ್ತಿದರೆ ಒಂದು ಮೆಷಿನ್‌ನಲ್ಲಿ ಅದು 0.005 ಮಿ.ಮೀ., ಪ್ಯಾರಾಮೀಟರ್ ಬೇರೆ ಇರುವ ಪಕ್ಕದ ಮೆಷಿನ್‌ನಲ್ಲಿ ಪೂರಾ 5 ಮಿ.ಮೀ. ಹೋಲ್ಡರ್ ಮುರಿಯಲು ಅಷ್ಟು ಸಾಕು. ವೇರ್ ಆಫ್‌ಸೆಟ್‌ಗೆ ಮಿತಿ ಹಾಕುವ ಪ್ಯಾರಾಮೀಟರ್ ಫ್ಯಾನಕ್‌ನಲ್ಲಿದೆ. ಸರ್ವಿಸ್ ಎಂಜಿನಿಯರ್ ಬಂದಾಗ 0.5 ಮಿ.ಮೀ.ಗಿಂತ ಹೆಚ್ಚು ತೆಗೆದುಕೊಳ್ಳದಂತೆ ಮಾಡಿಸಿ. ಪ್ರತಿ ಮೆಷಿನ್‌ನ ಪ್ಯಾನಲ್ ಮೇಲೆ ದಶಾಂಶದ ರೀತಿ, ಆಫ್‌ಸೆಟ್ ಒತ್ತುವ ಕ್ರಮ, ಟರೆಟ್‌ನ (ಟೂಲ್‌ಗಳನ್ನು ಹಿಡಿದು ತಿರುಗುವ ತಲೆ) ಸ್ಥಾನಗಳು, ಚಕ್ (ಪೀಸ್ ಹಿಡಿಯುವ ಭಾಗ) ಪ್ರೆಷರ್ ಇವಿಷ್ಟನ್ನು ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಅಂಟಿಸಿ. ಹೊಸಬನು ಮೊದಲ ಮೂರು ದಿನ ಮೊದಲ ಪೀಸನ್ನು ಸಿಂಗಲ್ ಬ್ಲಾಕ್‌ನಲ್ಲಿ (ಪ್ರೋಗ್ರಾಂನ ಒಂದೊಂದೇ ಸಾಲು ನಡೆಸಿ), ರ‍್ಯಾಪಿಡ್ (ಕತ್ತರಿಸದಿರುವಾಗಿನ ಓಟದ ವೇಗ) 25 ಪರ್ಸೆಂಟ್‌ಗೆ ಇಳಿಸಿಯೇ ತೆಗೆಯಬೇಕು, ಸೆಟ್ಟರ್ ಸಹಿ ಹಾಕಿದ ಮೇಲೆ ಮುಂದಕ್ಕೆ.

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ಆಪರೇಟರ್ ಆಗಿದ್ದೇನೆ. ನಮ್ಮ ಪಾಳಿ ಮುಗಿದ ಮೇಲೆ ಮಾಲೀಕರು ತಮ್ಮ ಸ್ನೇಹಿತರ ಕಾರ್ಖಾನೆಗೆ ನಾಲ್ಕು ಗಂಟೆ ಕಳಿಸುತ್ತಾರೆ. ಕೈಗೆ ನಗದು ಕೊಡುತ್ತಾರೆ, ಕಾಗದಪತ್ರ ಏನೂ ಇಲ್ಲ. ಹೊಸ ಮೆಷಿನ್ ಕಲಿಯಲು ನನಗೂ ಇಷ್ಟ. ಆದರೆ ಇದು ಸರಿಯೇ?

ಉತ್ತರ: ಸರಿಯಲ್ಲ. ನಿಮ್ಮ ಕಲಿಯುವ ಆಸೆಗೆ ಬೇರೆ ದಾರಿ ಇದೆ. ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಸಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 60ನೇ ಕಲಮು ಹೇಳಿತ್ತು. ಇಂಥ ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸುರಕ್ಷತೆಯ ಸಂಹಿತೆಯೂ ಹಿಂದಿನ 12 ಗಂಟೆಗಳಲ್ಲಿ ಅಂಥದೇ ಇನ್ನೊಂದು ಕಡೆ ದುಡಿದವರನ್ನು ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಎಂಟು ಗಂಟೆ ನಿಂತು ಬಂದ ಕೈ ಹನ್ನೊಂದನೇ ಗಂಟೆಯಲ್ಲಿ ತಿರುಗುವ ಚಕ್ ಹತ್ತಿರ ಹೋಗುವುದು ಬೆರಳು ಕಳೆದುಕೊಳ್ಳುವ ದಾರಿ, ನಿಯಮ ಹುಟ್ಟಿರುವುದೇ ಅದಕ್ಕೆ. ಅಲ್ಲಿ ಪೆಟ್ಟಾದರೆ ನೀವು ಆ ಹೊತ್ತಿನಲ್ಲಿ ಅಲ್ಲಿ ಕೆಲಸದ ಮೇಲೆ ಇದ್ದಿರಿ ಅನ್ನುವುದಕ್ಕೆ ಕಾಗದವಿರುವುದಿಲ್ಲ, ಇಎಸ್‌ಐ ಸೌಲಭ್ಯ ಪಡೆಯುವುದು ಕಷ್ಟವಾಗುತ್ತದೆ.

ಮಾಲೀಕರಿಗೆ ಹೀಗೆ ಕೇಳಿ: 'ಸರ್, ಪಾಳಿ ಮುಗಿದ ಮೇಲೆ ಬೇಡ. ತಿಂಗಳಲ್ಲಿ ಒಂದು ವಾರ ಪೂರ್ತಿ ಅಲ್ಲಿಗೇ ಕಳಿಸಿ, ಒಂದು ಪತ್ರ ಕೊಡಿ, ಸಂಬಳ ಇಲ್ಲಿಂದಲೇ ಬರಲಿ.' ಆ ಪತ್ರದಲ್ಲಿ ಏನಿರಬೇಕೆಂದು ಮುಂದಿನ ಉತ್ತರದಲ್ಲಿದೆ, ಅದನ್ನೇ ಅವರಿಗೆ ತೋರಿಸಿ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಫೌಂಡ್ರಿ. ನಮ್ಮ ಕಾಸ್ಟಿಂಗ್‌ಗಳನ್ನು ಮೆಷಿನಿಂಗ್ ಮಾಡುವ ಗೆಳೆಯರ ಘಟಕ ಹತ್ತಿರದಲ್ಲೇ ಇದೆ. ನಮಗೆ ಕೆಲಸ ಕಡಿಮೆಯಿದ್ದಾಗ ಅವರಿಗೆ ಜನ ಬೇಕು, ಅವರದು ಖಾಲಿಯಿದ್ದಾಗ ನಮಗೆ ಬೇಕು. ಇಬ್ಬರು ಮೂವರನ್ನು ಅದಲು ಬದಲು ಮಾಡಿಕೊಳ್ಳಬೇಕೆಂದಿದ್ದೇವೆ. ಕಾಗದಪತ್ರ, ಲೆಕ್ಕ ಹೇಗೆ?

ಉತ್ತರ: ಇಷ್ಟು ಒಳ್ಳೆಯ ಜೋಡಿ ಸುಲಭವಾಗಿ ಸಿಗುವುದಿಲ್ಲ. ಮೆಷಿನ್ ಶಾಪ್‌ನಲ್ಲಿ ಇನ್ಸರ್ಟ್ ಪದೇ ಪದೇ ಒಡೆಯುತ್ತಿದ್ದರೆ ಆಪರೇಟರ್ ಫೀಡ್ ಇಳಿಸುತ್ತಾನೆ, ಸೈಕಲ್ ಟೈಮ್ ಏರುತ್ತದೆ. ಕಾರಣ ಕಾಸ್ಟಿಂಗ್‌ನ ತೆಳು ಅಂಚು ಬೇಗ ತಣಿದು ಬೆಳ್ಳಗೆ ಗಟ್ಟಿಯಾಗಿರುವುದು, ಅಂದರೆ ಚಿಲ್. ಮೋಲ್ಡಿಂಗ್ ಮೇಸ್ತ್ರಿ ಎರಡು ವಾರ ಮೆಷಿನ್ ಪಕ್ಕ ನಿಂತು ಆ ಅಂಚಿನ ಮೇಲೆ ಇನ್ಸರ್ಟ್ ಒಡೆಯುವುದನ್ನು ಕಣ್ಣಾರೆ ನೋಡಿದರೆ, ವಾಪಸ್ ಬಂದು ಇನಾಕ್ಯುಲೇಷನ್ (ಚಿಲ್ ತಡೆಯಲು ಕರಗಿದ ಲೋಹಕ್ಕೆ ಸೇರಿಸುವ ಮಿಶ್ರಣ) ಮತ್ತು ಅಚ್ಚು ಬಿಚ್ಚುವ ಸಮಯವನ್ನು ತಾನೇ ಕಾಯುತ್ತಾನೆ. ಆಪರೇಟರ್ ಫೌಂಡ್ರಿಯಲ್ಲಿ ಎರಡು ವಾರ ಕಳೆದರೆ, ಮರಳು ಸೇರಿದ ಮೇಲ್ಮೈಯನ್ನು ಮೊದಲ ಕಟ್‌ನಲ್ಲಿ ಆಳವಾಗಿಯೇ ಏಕೆ ತೆಗೆಯಬೇಕೆಂದು ಅವನಿಗೆ ಅರ್ಥವಾಗುತ್ತದೆ. ಬರೀ ಕೈ ಕೊರತೆ ತುಂಬಲು ಕಳಿಸಿದರೆ ಈ ಲಾಭ ಸಿಗದು. ಆದ್ದರಿಂದ ಏನು ಕಲಿತು ಬರಬೇಕೆಂದು ಪತ್ರದಲ್ಲೇ ಒಂದು ಸಾಲು ಬರೆಯಿರಿ.

ಮೊದಲು ಕೆಲಸಗಾರನ ಒಪ್ಪಿಗೆ. ಒಬ್ಬ ನೌಕರನನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಮಾಲೀಕನ ಕೈಕೆಳಗೆ ವರ್ಗಾಯಿಸುವಂತಿಲ್ಲವೆಂದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪದವನನ್ನು ಬಿಟ್ಟುಬಿಡಿ, ಮುನಿಸು ತೋರಿಸಬೇಡಿ. ಸರ್ಕಾರಿ ಕಚೇರಿಗಳಲ್ಲಿ ಎರವಲು ಸೇವೆ ಅನ್ನುತ್ತಾರಲ್ಲ, ಅದೇ ಮಾದರಿ: ನೌಕರಿ ಮೂಲ ಕಂಪನಿಯಲ್ಲೇ ಇರುತ್ತದೆ, ಕೆಲಸ ಮಾತ್ರ ಅಲ್ಲಿ.

ಎರಡು ಕಾಗದ ಬೇಕು. ಒಂದು ಕಂಪನಿ–ಕಂಪನಿ ನಡುವಿನ ಒಪ್ಪಂದ, ಇನ್ನೊಂದು ಕೆಲಸಗಾರನಿಗೆ ಕನ್ನಡದಲ್ಲಿ ಪತ್ರ. ಪತ್ರದಲ್ಲಿ ಹೋಗುವ ದಿನ, ಮರಳುವ ದಿನ, ಅಲ್ಲಿನ ವಿಳಾಸ, ಪಾಳಿ, ಮೆಷಿನ್, ಅಲ್ಲಿ ಯಾರ ಮಾತು ಕೇಳಬೇಕು, ಸಂಬಳ–ಪಿಎಫ್–ಇಎಸ್‌ಐ–ರಜೆ–ಬೋನಸ್ ಇಲ್ಲಿಂದಲೇ ಬರುತ್ತದೆ, ಗ್ರ್ಯಾಚುಟಿಗೆ ಸೇವೆ ತುಂಡಾಗುವುದಿಲ್ಲ, ಇಷ್ಟಂತೂ ಇರಲೇಬೇಕು. ವಿಳಾಸ ಬರೆಯುವುದನ್ನು ಹಗುರವಾಗಿ ನೋಡಬೇಡಿ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಗುವ ಅಪಘಾತವೂ ಇಎಸ್‌ಐ ವ್ಯಾಪ್ತಿಗೆ ಬರುತ್ತದೆ. ಆ ದಿನ ಅವನು ಎಲ್ಲಿಗೆ ಹೊರಟಿದ್ದನೆಂದು ತೋರಿಸುವುದು ಈ ಪತ್ರವೇ. ಎರವಲು ಹೋದವನನ್ನು ಹಳೆಯ ಇಎಸ್‌ಐ ಕಾಯ್ದೆ ಹೆಸರಿಸಿಯೇ ಒಳಗೊಂಡಿತ್ತು. 1923ರ ಪರಿಹಾರ ಕಾಯ್ದೆಯಂತೂ ಎರವಲು ಪಡೆದವನನ್ನೇ ಆ ಅವಧಿಯ ಮಾಲೀಕನೆಂದು ಕರೆದಿತ್ತು. ಆದ್ದರಿಂದ 'ಅವರ ಹುಡುಗ, ಪೆಟ್ಟಾದರೆ ಅವರು ನೋಡಿಕೊಳ್ಳಲಿ' ಅನ್ನುವ ಮಾತು ನಡೆಯುವುದಿಲ್ಲ. ಸುರಕ್ಷತೆಯ ಜವಾಬ್ದಾರಿ ಎರವಲು ಪಡೆದವರದು ಎಂದು ಒಪ್ಪಂದದಲ್ಲಿ ಬರೆಯಿರಿ. ತಿಂಗಳಿಗೆ 21,000 ರೂ. ದಾಟಿದವರು ಇಎಸ್‌ಐ ಹೊರಗಿರುತ್ತಾರೆ. ಅವರಿಗೆ ನೀವು ಮಾಡಿಸಿರುವ ವಿಮೆಯಲ್ಲಿ ಕೆಲಸದ ಸ್ಥಳವಾಗಿ ನಿಮ್ಮ ಫೌಂಡ್ರಿಯೊಂದನ್ನೇ ನಮೂದಿಸಿದ್ದರೆ, ಕಳಿಸುವ ಮೊದಲೇ ಇನ್ನೊಂದು ವಿಳಾಸ ಸೇರಿಸಿ ಎಂಡಾರ್ಸ್‌ಮೆಂಟ್ ತೆಗೆದುಕೊಳ್ಳಿ.

ಟೂಲ್, ಮೆಷಿನ್‌ಗೆ ಹಾನಿಯಾದರೆ ಖರ್ಚು ಎರವಲು ಪಡೆದವರದು, ಕೆಲಸಗಾರನ ಸಂಬಳದಿಂದ ಹಿಡಿಯಬಾರದು. ಇದನ್ನು ಬರೆಯದೆ ಬಿಟ್ಟರೆ ಮೊದಲ ಕ್ರ್ಯಾಶ್ ಆದ ದಿನವೇ ಗೆಳೆತನಕ್ಕೂ ಪೆಟ್ಟು ಬೀಳುತ್ತದೆ.

ಇನ್ನು ಲೆಕ್ಕ. ತಿಂಗಳ ಸಂಬಳ 20,000 ರೂ., ಅದರಲ್ಲಿ ಮೂಲವೇತನ ಮತ್ತು ಡಿಎ 15,000 ಎಂದು ಇಟ್ಟುಕೊಳ್ಳಿ. ಮಾಲೀಕರ ಪಿಎಫ್ ಪಾಲು, ಇಡಿಎಲ್‌ಐ (ಪಿಎಫ್ ಜೊತೆಗಿನ ಜೀವವಿಮೆ) ಮತ್ತು ಆಡಳಿತ ಶುಲ್ಕ ಸೇರಿ 13 ಪರ್ಸೆಂಟ್: 1,950. ಇಎಸ್‌ಐ 3.25 ಪರ್ಸೆಂಟ್: 650. ಬೋನಸ್‌ಗೆಂದು 15,000ದ ಮೇಲೆ 8.33 ಪರ್ಸೆಂಟ್: 1,250. ಗ್ರ್ಯಾಚುಟಿಗೆ ತಿಂಗಳಿಗೆ ಸುಮಾರು 721. ದುಡಿದ 20 ದಿನಕ್ಕೆ ಒಂದು ಗಳಿಕೆ ರಜೆಯಂತೆ ವರ್ಷಕ್ಕೆ 15 ದಿನ, ತಿಂಗಳಿಗೆ 962. ಎಲ್ಲ ಸೇರಿ 25,533 ರೂ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 982. 20,000ವನ್ನೇ 26ರಿಂದ ಭಾಗಿಸಿ 769 ಎಂದು ಬಿಲ್ ಮಾಡಿದರೆ ಕಳಿಸಿದವರಿಗೆ ದಿನಕ್ಕೆ 213 ನಷ್ಟ. ಇಂಥ ವ್ಯವಸ್ಥೆ ಮೂರನೇ ತಿಂಗಳಿಗೆ ನಿಂತುಹೋಗಲು ಈ 213 ರೂಪಾಯಿಯೇ ಸಾಕು. ಓವರ್‌ಟೈಮ್ ಮಾಡಿಸಿದರೆ ದುಪ್ಪಟ್ಟು ದರ, ಅದನ್ನು ಮಾಡಿಸಿದವರೇ ಭರಿಸಬೇಕು.

ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 4,596. ಲಾಭ ಇಟ್ಟಿಲ್ಲ, ಬರೀ ಸಂಬಳದ ಖರ್ಚು ವಸೂಲಿ ಮಾಡುತ್ತೇವೆ ಎಂಬ ಕಾರಣಕ್ಕೆ ತೆರಿಗೆ ತಪ್ಪುವುದಿಲ್ಲ. ವಿದೇಶಿ ಸಮೂಹ ಕಂಪನಿಯಿಂದ ನೌಕರರನ್ನು ಎರವಲು ಪಡೆದಿದ್ದ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾನವಶಕ್ತಿ ಪೂರೈಕೆ ಸೇವೆಯೆಂದೇ ಪರಿಗಣಿಸಿತು. ಪ್ರತಿ ಪ್ರಕರಣವನ್ನೂ ಅದರ ಸಂಗತಿ ನೋಡಿ ತೀರ್ಮಾನಿಸಬೇಕು, ಈ ತೀರ್ಪನ್ನು ಯಾಂತ್ರಿಕವಾಗಿ ಹಚ್ಚಬಾರದು ಎಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರ ತೆರಿಗೆ ಮಂಡಳಿ ಅಧಿಕಾರಿಗಳಿಗೆ ತಿಳಿಸಿದ್ದೂ ಉಂಟು. ನಿಮ್ಮಿಬ್ಬರದೂ ಸಾಮಾನ್ಯ ಜಿಎಸ್‌ಟಿ ನೋಂದಣಿಯಾಗಿದ್ದರೆ ಬಿಲ್‌ನಲ್ಲಿ ತೆರಿಗೆ ಹಾಕಿಬಿಡಿ, ಪಡೆದವರು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ತಕರಾರಿಗೆ ಎಡೆಯಿರುವುದಿಲ್ಲ. ಪಡೆಯುವವರು ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದರೆ (ವಹಿವಾಟಿನ ಮೇಲೆ ಚಿಕ್ಕ ದರದ ತೆರಿಗೆ, ಇನ್‌ಪುಟ್ ಕ್ರೆಡಿಟ್ ಇಲ್ಲ) ಮಾತ್ರ ಆ 4,596 ಅವರ ಕೈಯಿಂದಲೇ ಹೋಗುತ್ತದೆ. ಅದಲು ಬದಲಿಗೆ ಸರಿಹೋಯಿತೆಂದು ಬಿಲ್ ಮಾಡದೆ ಬಿಡುವುದೂ ತಪ್ಪು, ಎರಡೂ ಕಡೆಯಿಂದ ಬಿಲ್ ಬೇಕು.

ಗುತ್ತಿಗೆ ಕಾರ್ಮಿಕ ನಿಯಮ ಹತ್ತಿಕೊಳ್ಳುತ್ತದೆಯೇ ಎಂಬ ಅಂಜಿಕೆ ಹಲವರಿಗಿದೆ. ಕಳಿಸುವ ಕಂಪನಿಯಲ್ಲಿ ಕಾಯಂ ಕೆಲಸ, ಕಾಲಕಾಲಕ್ಕೆ ಇನ್‌ಕ್ರಿಮೆಂಟ್, ಪಿಎಫ್–ಇಎಸ್‌ಐ ಎಲ್ಲ ಇರುವವನನ್ನು ಹೊಸ ಸಂಹಿತೆ ಗುತ್ತಿಗೆ ಕಾರ್ಮಿಕ ಎಂದು ಎಣಿಸುವುದಿಲ್ಲ. ಇದರಿಂದಲೇ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ಬರೀ ಕಳಿಸುವುದಕ್ಕೆಂದೇ ತಾತ್ಕಾಲಿಕವಾಗಿ ಜನ ತೆಗೆದುಕೊಂಡರೆ ಈ ರಕ್ಷಣೆ ಸಿಗದು.

ಪ್ರಶ್ನೆ: ನಾವು ಎರವಲು ಕಳಿಸಿದ ಹುಡುಗನನ್ನು ಪಡೆದ ಕಂಪನಿಯೇ ಇಟ್ಟುಕೊಂಡರೆ? ಬಾಂಡ್ ಬರೆಸಿಕೊಳ್ಳಬಹುದೇ? (ಮೈಸೂರಿನ ಹೂಟಗಳ್ಳಿಯಿಂದ)

ಉತ್ತರ: ಈ ಭಯದಿಂದಲೇ ಎಷ್ಟೋ ಒಳ್ಳೆಯ ಯೋಚನೆಗಳು ಮಾತಿನಲ್ಲೇ ಉಳಿಯುತ್ತವೆ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಸೇರಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಕೆಲಸದಲ್ಲಿರುವಾಗ ಕನಿಷ್ಠ ಅವಧಿ ದುಡಿಯುತ್ತೇನೆ, ಇಲ್ಲವಾದರೆ ಇಷ್ಟು ಕಟ್ಟುತ್ತೇನೆ ಎಂಬ ಷರತ್ತು ಬೇರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ದುಡಿಯದೆ ಬಿಟ್ಟ ಅಧಿಕಾರಿ 2 ಲಕ್ಷ ರೂ. ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಸಾರ್ವಜನಿಕ ಬ್ಯಾಂಕ್, ನೇಮಕಾತಿಗೇ ದೊಡ್ಡ ಖರ್ಚಿರುವ ಹುದ್ದೆ. 20,000 ಸಂಬಳದ ಹುಡುಗನಿಂದ ಲಕ್ಷದ ಬಾಂಡ್ ಬರೆಸಿಕೊಂಡು ಅದನ್ನೇ ಉದಾಹರಣೆ ಕೊಡಬೇಡಿ. ಹೊರಗಿನ ತರಬೇತಿಗೆ ನಿಜವಾಗಿ ಕಟ್ಟಿದ ಫೀಸಿನ ರಸೀದಿ ಇದ್ದರೆ ಆ ಮೊತ್ತ, ಅದೂ ತಿಂಗಳು ತಿಂಗಳು ಇಳಿಯುವ ಹಾಗೆ ಬರೆದರೆ ನ್ಯಾಯ. ಮಾರ್ಕ್ಸ್ ಕಾರ್ಡ್, ಐಟಿಐ ಸರ್ಟಿಫಿಕೇಟ್ ಕಸಿದಿಟ್ಟುಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಅದು ಮೊದಲ ದಿನವೇ ಹುಡುಗನಿಗೆ 'ಇಲ್ಲಿಂದ ತಪ್ಪಿಸಿಕೊಳ್ಳಬೇಕು' ಎಂದು ಹೇಳಿಕೊಡುತ್ತದೆ.

ಕಂಪನಿ–ಕಂಪನಿ ನಡುವೆ ಇದನ್ನು ಬಗೆಹರಿಸಲು ಒಳ್ಳೆಯ ದಾರಿ: ಕೆಲಸಗಾರನೇ ಅಲ್ಲಿಗೆ ಸೇರಬೇಕೆಂದರೆ ಮೂರು ಪಕ್ಷವೂ ಕೂತು ಮಾತಾಡುವುದು, ಸೇರಿಸಿಕೊಂಡವರು ಬದಲಿ ವ್ಯಕ್ತಿ ತಯಾರಾಗುವವರೆಗೆ ಎಂಟು ವಾರ ವಾರಕ್ಕೆ ಎರಡು ದಿನ ಅವನನ್ನು ಮೂಲ ಕಂಪನಿಗೆ ಕಳಿಸಿಕೊಡುವುದು. ನಿಮ್ಮಲ್ಲಿ ಮೇಲೇರಲು ಹಂತವೇ ಉಳಿದಿಲ್ಲವೆಂದಾದರೆ ಅವನು ಹೇಗೂ ಹೋಗುತ್ತಾನೆ. ಗೆಳೆಯರ ಕಂಪನಿಗೆ ಹೇಳಿ ಹೋದವನಿಂದ ಎಂಟು ವಾರವಾದರೂ ಸಿಗುತ್ತದೆ. ಒಂದು ಗೆರೆ ಮಾತ್ರ ದಾಟಬೇಡಿ: 'ನಾವಿಬ್ಬರೂ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡುವುದು ಬೇಡ' ಎಂದು ಮಾತಾಡಿಕೊಳ್ಳುವುದು ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯುವ ಕೂಟ. ಸ್ಪರ್ಧಾ ಕಾನೂನಿನ ತೊಡಕೂ ಬರಬಹುದು.

ಪ್ರಶ್ನೆ: ಅಪ್ರೆಂಟಿಸ್‌ಗಳನ್ನು ಹೀಗೆ ಎರವಲು ಕಳಿಸಬಹುದೇ?

ಉತ್ತರ: ನಿಮ್ಮಷ್ಟಕ್ಕೆ ನೀವೇ ಕಳಿಸುವಂತಿಲ್ಲ, ಅವರು ಇರುವುದು ನೋಂದಾಯಿತ ತರಬೇತಿ ಕರಾರಿನಡಿ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯ 8ನೇ ಕಲಮು ಹಲವು ಮಾಲೀಕರು ಸೇರಿ, ತಾವಾಗಿಯೋ ಒಪ್ಪಿಗೆ ಪಡೆದ ಏಜೆನ್ಸಿಯ ಮೂಲಕವೋ, ಜಂಟಿಯಾಗಿ ತರಬೇತಿ ಕೊಡಲು ಅವಕಾಶ ಕೊಟ್ಟಿದೆ. ಸಣ್ಣ ಘಟಕಗಳು ಇದನ್ನು ಬಳಸಿಕೊಳ್ಳಲೇಬೇಕು. ಒಂದು ಘಟಕದಲ್ಲಿ ಟರ್ನಿಂಗ್, ಇನ್ನೊಂದರಲ್ಲಿ ಗ್ರೈಂಡಿಂಗ್, ಮೂರನೆಯದರಲ್ಲಿ ಹೀಟ್ ಟ್ರೀಟ್‌ಮೆಂಟ್ ಇದ್ದರೆ ಹುಡುಗನಿಗೆ ದೊಡ್ಡ ಕಾರ್ಖಾನೆಯಲ್ಲೂ ಸಿಗದ ಅನುಭವ ಸಿಗುತ್ತದೆ. ಯಾವ ತಿಂಗಳು ಎಲ್ಲಿ ಎಂಬ ವೇಳಾಪಟ್ಟಿಯನ್ನು ಕರಾರಿನ ಜೊತೆಗೇ ಸಲ್ಲಿಸಿ.

ಪ್ರಶ್ನೆ: ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಸೀಜನ್ ಮುಗಿದ ಮೇಲೆ ಬಾಯ್ಲರ್ ಅಟೆಂಡೆಂಟ್, ಫಿಟ್ಟರ್‌ಗಳು ಬೇರೆ ಕಡೆ ಹೋಗಿ ಮರಳಿ ಬರುವುದಿಲ್ಲ. ಆಫ್ ಸೀಜನ್‌ನಲ್ಲಿ ಎರವಲು ಕಳಿಸಬಹುದೇ?

ಉತ್ತರ: ಕಳಿಸಬಹುದು, ಆದರೆ ನಿಮಗೆ ಕಾಣುವಷ್ಟು ಉದ್ದದ ಬಿಡುವು ಇಲ್ಲ. ಕಬ್ಬು ಅರೆಯುವುದು ಮಾರ್ಚ್–ಏಪ್ರಿಲ್‌ಗೆ ನಿಂತರೂ ರೋಲರ್ ಶೆಲ್ಲಿಂಗ್ (ಅರೆಯುವ ರೋಲರ್‌ಗೆ ಹೊಸ ಹೊದಿಕೆ ಹಾಕುವುದು), ಬಾಯ್ಲರ್ ಟ್ಯೂಬ್ ಕೆಲಸ, ಪಂಪ್ ಓವರ್‌ಹಾಲ್ ಎಂದು ಜುಲೈನಿಂದ ಫಿಟ್ಟರ್‌ಗಳು ನಿಮಗೇ ಬೇಕು. ಕಳಿಸಲು ಸಿಗುವುದು ಸುಮಾರು ಹತ್ತು ವಾರ. ಎಲ್ಲರನ್ನೂ ಒಟ್ಟಿಗೆ ಕಳಿಸದೆ ಮೂವರಲ್ಲಿ ಒಬ್ಬರಂತೆ ಕಳಿಸಿ.

ಬಾಯ್ಲರ್ ಅಟೆಂಡೆಂಟ್‌ಗಳಿಗೆ ಗಂಗಾವತಿ, ಕಾರಟಗಿ, ಸಿಂಧನೂರಿನ ಕುಸುಬಲಕ್ಕಿ ಮಿಲ್‌ಗಳು ಹೊಂದುತ್ತವೆ. ಹಿಂಗಾರಿನ ಭತ್ತ ಏಪ್ರಿಲ್–ಮೇನಲ್ಲಿ ಬರುತ್ತದೆ, ನಿಮಗೆ ಬಿಡುವಾಗುವುದೂ ಆಗಲೇ. ತುಂಗಭದ್ರಾ ಕಾಲುವೆಗೆ ಹಿಂಗಾರಿನಲ್ಲಿ ನೀರು ಬಿಡದ ವರ್ಷ ಅಲ್ಲಿ ಕೆಲಸವಿರುವುದಿಲ್ಲ. ಆದ್ದರಿಂದ ನೀರಾವರಿ ಸಲಹಾ ಸಮಿತಿಯ ತೀರ್ಮಾನ ನೋಡಿಕೊಂಡು ಜನವರಿಯಲ್ಲೇ ಮಾತು ಮುಗಿಸಿ. ಅಟೆಂಡೆಂಟ್‌ನ ಪ್ರಮಾಣಪತ್ರದ ದರ್ಜೆ ಅಲ್ಲಿನ ಬಾಯ್ಲರ್‌ಗೆ ಸಾಲುತ್ತದೆಯೇ ಎಂದು ನೋಡುವುದು ಮೊದಲ ಕೆಲಸ. ಇನ್ನೊಂದು ವಿಷಯ: ಅಲ್ಲಿ ಉರಿಸುವುದು ಭತ್ತದ ಹೊಟ್ಟು, ನಿಮ್ಮಲ್ಲಿ ಕಬ್ಬಿನ ಸಿಪ್ಪೆ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಬಹಳ, ಟ್ಯೂಬ್‌ಗಳನ್ನು ಸವೆಸುತ್ತದೆ, ಬೂದಿ ತೆಗೆಯುವ ಕ್ರಮವೂ ಬೇರೆ. ಮೊದಲ ವಾರ ಅಲ್ಲಿನ ಹಳಬರ ಜೊತೆಗೇ ಪಾಳಿ ಹಾಕಿಸಿ. ಉಳಿಯುವ ಕೋಣೆ, ಊಟ, ಹಬ್ಬಕ್ಕೆ ಊರಿಗೆ ಬರುವ ಬಸ್ ಚಾರ್ಜು ಯಾರದೆಂದು ಬರೆಯದಿದ್ದರೆ ಜನ ಹತ್ತನೇ ದಿನ ಹೇಳದೆ ಊರಿಗೆ ಬಂದುಬಿಡುತ್ತಾರೆ. ನೀವು ಕೊಡುವ ಆಫ್ ಸೀಜನ್ ರಿಟೇನಿಂಗ್ ಭತ್ಯೆಯನ್ನು (ಮುಂದಿನ ಸೀಜನ್‌ಗೆ ಮರಳಲೆಂದು ಕೊಡುವ ಹಣ) ಈ ಹತ್ತು ವಾರ ನಿಲ್ಲಿಸುತ್ತೀರೋ ಮುಂದುವರಿಸುತ್ತೀರೋ ಎಂಬುದನ್ನೂ ಯೂನಿಯನ್ ಜೊತೆ ಕೂತು ಮೊದಲೇ ತೀರ್ಮಾನಿಸಿ. ಪೂರ್ತಿ ನಿಲ್ಲಿಸಿದರೆ ಹೋಗಲು ಯಾರೂ ಮುಂದೆ ಬರುವುದಿಲ್ಲ.

ಪ್ರಶ್ನೆ: ಇಂಥ ಪದ್ಧತಿ ಬೇರೆ ದೇಶಗಳಲ್ಲಿ ಇದೆಯೇ?

ಉತ್ತರ: ಜಪಾನ್‌ನಲ್ಲಿ ಬಹಳ ಹಿಂದಿನಿಂದ ಇದೆ, ಶುಕ್ಕೋ ಅನ್ನುತ್ತಾರೆ. ಕೆಲಸ ಕಡಿಮೆಯಾದಾಗ ಮನೆಗೆ ಕಳಿಸುವ ಬದಲು ಬೇರೆ ಕಂಪನಿಗೆ ಕಳಿಸಿ ಮರಳಿ ಕರೆಸಿಕೊಳ್ಳುವುದು. ಕಂಪನಿಗಳನ್ನು ಜೋಡಿಸಲು 1987ರಲ್ಲೇ ಒಂದು ಕೇಂದ್ರ ಅಲ್ಲಿ ಆರಂಭವಾಯಿತು. ಕೋವಿಡ್ ಕಾಲದಲ್ಲಿ ವಿಮಾನ ಸಂಸ್ಥೆ ಎಎನ್‌ಎ ತನ್ನ ಸಿಬ್ಬಂದಿಯನ್ನು ನೊಜಿಮಾ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆ ಸರಣಿಗೂ ಕಳಿಸಿತ್ತು. ಫ್ರಾನ್ಸ್‌ನಲ್ಲಿ 1985ರ ಜುಲೈ 25ರ ಕಾನೂನಿನಿಂದ ಮಾಲೀಕರ ಗುಂಪೇ ಕೆಲಸಗಾರನನ್ನು ನೇಮಿಸಿಕೊಂಡು, ಸದಸ್ಯರಿಗೆ ಬೇಕಾದ ತಿಂಗಳಲ್ಲಿ ಹಂಚಿಕೊಡುತ್ತದೆ. ಹಂಗಾಮಿನ ಕೆಲಸವಿರುವ ಕಡೆ ನಾಲ್ಕು ತುಂಡು ಕೆಲಸ ಸೇರಿ ಒಬ್ಬನಿಗೆ ವರ್ಷಪೂರ್ತಿ ನೌಕರಿ ಆಗುತ್ತದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಕೈಗಾರಿಕಾ ಸಂಘಗಳು ಮನಸ್ಸು ಮಾಡಿದರೆ ಯಾರಲ್ಲಿ ಯಾವ ತಿಂಗಳು ಯಾವ ಕೈ ಖಾಲಿ ಎಂಬ ಪಟ್ಟಿಯನ್ನಾದರೂ ಇಡಬಹುದು, ಅದಕ್ಕೆ ಕಾನೂನು ಕಾಯಬೇಕಿಲ್ಲ.

ಪ್ರಶ್ನೆ: ನಮ್ಮ ಆಪರೇಟರ್ ಮೂರು ತಿಂಗಳು ಗ್ರಾಹಕರ ಕಾರ್ಖಾನೆಯಲ್ಲಿ ಚೆನ್ನಾಗಿ ಕಲಿತು ಬಂದ. ವಾಪಸ್ ಬಂದ ಎರಡೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ. ಎಲ್ಲಿ ತಪ್ಪಿದೆವು? (ಬೊಮ್ಮಸಂದ್ರದಿಂದ)

ಉತ್ತರ: ವಾಪಸ್ ಬಂದವನನ್ನು ಅದೇ ಹಳೆಯ ಮೆಷಿನ್ ಮುಂದೆ ನಿಲ್ಲಿಸಿದಿರಾ? ಎರವಲು ಕಳಿಸುವವರು ಅತಿ ಹೆಚ್ಚು ಎಡವುವುದು ಇಲ್ಲೇ. ಅಲ್ಲಿ ಸಿಎಂಎಂ (ಅಳತೆ ಮಾಡುವ ಮೆಷಿನ್) ನಡೆಸಲು, ಕಂಟ್ರೋಲ್ ಪ್ಲಾನ್ (ಗುಣಮಟ್ಟದ ತಪಾಸಣಾ ಪಟ್ಟಿ) ಓದಲು ಕಲಿತು ಬಂದವನಿಗೆ ಇಲ್ಲಿ ಮತ್ತೆ ಬಾಗಿಲು ಮುಚ್ಚು, ಬಟನ್ ಒತ್ತು ಅಂದರೆ, ಕಲಿತದ್ದು ಬೇರೆಯವರಿಗೆ ಮಾತ್ರ ಉಪಯೋಗ ಅನ್ನಿಸುತ್ತದೆ.

ಕಳಿಸುವ ಪತ್ರ ಬರೆಯುವಾಗಲೇ ಮರಳಿದ ಮೇಲೆ ಅವನು ಮಾಡುವ ಕೆಲಸವನ್ನೂ ಬರೆಯಿರಿ. ಅಂಥ ಕೆಲಸ ನಿಮ್ಮಲ್ಲಿ ಇಲ್ಲವಾದರೆ ಅದನ್ನು ಕಲಿಯಲು ಕಳಿಸಲೇಬೇಡಿ, ನಿಮ್ಮಲ್ಲಿ ಬಳಕೆಗೆ ಬರುವುದನ್ನೇ ಕಲಿಯಲಿ. ಅಲ್ಲಿರುವಾಗ ತಿಂಗಳಿಗೊಮ್ಮೆ ನೀವೇ ಹೋಗಿ ಅವನ ಜೊತೆ ಅರ್ಧ ಗಂಟೆ ಕೂರಿ, ಅಲ್ಲಿನ ಸೂಪರ್‌ವೈಸರ್ ಎದುರಿಗೆ ಬೇಡ. ವಾಪಸ್ ಬಂದ ಮೊದಲ ವಾರದಲ್ಲಿ, ಅಲ್ಲಿ ನೋಡಿದ ಯಾವ ಮೂರು ವಿಷಯ ಇಲ್ಲಿ ಮಾಡಬಹುದೆಂದು ಅವನಿಂದ ಬರೆಸಿಕೊಂಡು, ಒಂದನ್ನಾದರೂ ಅದೇ ತಿಂಗಳು ಜಾರಿಗೆ ತನ್ನಿ. ಗೇಜ್ ಇಡುವ ಜಾಗ ಬದಲಿಸುವಷ್ಟು ಸಣ್ಣದಾದರೂ ಸರಿ. ಕಲಿತದ್ದಕ್ಕೆ ಹಂತ ಏರಿದ್ದರೆ ಸಂಬಳ ಅವನು ಮರಳಿದ ದಿನದಿಂದಲೇ ಲೆಕ್ಕವಾಗಲಿ.

ರಾಜೀನಾಮೆ ಕೊಟ್ಟವನ ನೋಟಿಸ್ ಅವಧಿ ಇನ್ನೂ ಮುಗಿಯದಿದ್ದರೆ ಈ ವಾರವೇ ಕರೆದು ಮಾತಾಡಿ ನೋಡಿ. ಕೇಳುವ ಪ್ರಶ್ನೆ 'ಎಷ್ಟು ಬೇಕು' ಎಂದಾಗಿರದೆ 'ಇಲ್ಲಿ ಯಾವ ಕೆಲಸ ಸಿಕ್ಕರೆ ಇರುತ್ತೀಯ' ಎಂದಾಗಿರಲಿ.